ಮುಂಬಯಿ ಮಳೆಗಾಲ ದಾಟಿದ ಜೋಳ

ಮಾರ್ಚ್ ಎರಡನೇ ವಾರದಿಂದ ಅಕ್ಟೋಬರ್ ಕೊನೆಯವರೆಗೆ ಮುಂಬಯಿಯ ಭಾಂಡುಪಿನ ಒಂದು ಹಳೆಯ ಮೂರು ಮಹಡಿಯ ಬಿಲ್ಡಿಂಗಿನ ಐದು ಮನೆಗಳು ಕೂಡಿ, ಕಾಳುಕಡಿಯನ್ನು ಚೀಲದ ಲೆಕ್ಕದಲ್ಲಿ ತಂದು ಉಂಡ ಲೆಕ್ಕ ಇಲ್ಲಿದೆ. ನಾಲ್ಕು ಮನೆ ವಿಜಯಪುರ, ಕಲಬುರಗಿ ಕಡೆಯವು, ಒಂದು ಉಡುಪಿ ಕಡೆಯದು. ಮನೆಗೆ ನಾಲ್ಕು ಜನ, ಹತ್ತು ಅಡಿ ಹನ್ನೆರಡು ಅಡಿಯ ಖೋಲಿ, ತಿಂಗಳ ಕೊನೆಯ ವಾರಕ್ಕೆ ಬಿಗಿಯಾಗುವ ಕೈ. ಮುಂದಿನ ಸುಗ್ಗಿಗೆ ಇದೇ ದಾರಿ ಹಿಡಿಯುವವರು ನಾವು ಎಡವಿದಲ್ಲೇ ಎಡವದಿರಲಿ ಎಂದು ದರ, ತೂಕ, ದಿನಗಳ ಸಮೇತ ಬರೆದಿದ್ದೇವೆ.

ಜೋಳವನ್ನೇ ಆರಿಸಿಕೊಂಡದ್ದಕ್ಕೆ ರುಚಿಯ ಜೊತೆಗೆ ಬೇರೆ ಕಾರಣವೂ ಇದೆ. ಸೋಲಾಪುರ, ವಿಜಯಪುರದ ಎರೆ ಭೂಮಿಯಲ್ಲಿ ಹಿಂಗಾರಿ ಜೋಳ ನೀರಾವರಿಯಿಲ್ಲದೆ, ಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಬೆಳೆಯುತ್ತದೆ. ಕಾಳು ಮನುಷ್ಯರಿಗೆ, ಕಣಿಕೆ ದನಕ್ಕೆ. ಭತ್ತ ಕುಡಿಯುವ ನೀರು ಇದಕ್ಕೆ ಬೇಡ. ಅಷ್ಟು ಹೊರೆಯಿಲ್ಲದೆ ಬೆಳೆದ ಕಾಳು ನಮ್ಮ ಮನೆಯಲ್ಲಿ ಹುಳ ಬಿದ್ದು ಕಸದ ಗಾಡಿಗೆ ಹೋದರೆ ಆ ಉಪಕಾರವೆಲ್ಲ ನೀರಿನಲ್ಲಿ ಹೋಮ. ಅದಕ್ಕೇ ಈ ಬರಹದ ಬಹುಪಾಲು ಕಾಳು ಕಾಯ್ದುಕೊಳ್ಳುವುದರ ಬಗ್ಗೆಯೇ ಇದೆ. ತರುವುದು ಒಂದು ದಿನದ ಕೆಲಸ.

ಮೊದಲು ಎಷ್ಟು ಬೇಕೆಂದು ಲೆಕ್ಕ ಹಾಕಿ. ಒಂದು ರೊಟ್ಟಿಗೆ ಸುಮಾರು 70 ಗ್ರಾಂ ಹಿಟ್ಟು. ನಾಲ್ಕು ಜನರ ಮನೆಯಲ್ಲಿ ಒಂದು ಹೊತ್ತಿಗೆ ಎಂಟು ರೊಟ್ಟಿ ಎಂದರೆ ದಿನಕ್ಕೆ 560 ಗ್ರಾಂ. 50 ಕಿಲೋದ ಒಂದು ಚೀಲ ಹೆಚ್ಚುಕಡಿಮೆ ಮೂರು ತಿಂಗಳಿಗೆ ಬರುತ್ತದೆ. ಹಸನು ಮಾಡುವಾಗ ಕಲ್ಲು, ಹೊಟ್ಟು, ಕಾಡಿಗೆ ರೋಗ ಹಿಡಿದ ತೆನೆಚೂರು ಸೇರಿ ಒಂದೂವರೆ ಕಿಲೋ ಹೋಗುತ್ತದೆಂದು ಮೊದಲೇ ಇಟ್ಟುಕೊಳ್ಳಿ.

ಕೊಂಡದ್ದು ವಾಶಿಯ ಎಪಿಎಂಸಿ ದಾಣಾ ಬಂದರಿನಲ್ಲಿ, ಅಂದರೆ ಕಾಳುಕಡಿಯ ಸಗಟು ಪೇಟೆಯಲ್ಲಿ. ಭಾಂಡುಪಿನಿಂದ ಠಾಣೆ, ಠಾಣೆಯಿಂದ ಟ್ರಾನ್ಸ್‌ಹಾರ್ಬರ್ ಗಾಡಿ. ಬೆಳಗ್ಗೆ ಹತ್ತರ ಮೇಲೆ ಹೋದರೆ ಸಾಕು, ಅದಕ್ಕೆ ಮೊದಲು ಲಾರಿ ಇಳಿಸುವ ಗದ್ದಲದಲ್ಲಿ ಬಿಡಿ ಗಿರಾಕಿಯನ್ನು ಯಾರೂ ಮಾತಾಡಿಸುವುದಿಲ್ಲ. ಚೀಲಕ್ಕಿಂತ ಕಡಿಮೆ ಕೊಡುವುದಿಲ್ಲ. ಮೊದಲು ತೋರಿಸುವುದು ಅಂಗೈಯಷ್ಟು ನಮೂನೆ. ಅದನ್ನು ನೋಡಿ ಒಪ್ಪಿಕೊಳ್ಳಬೇಡಿ. ಬೇಕಾದ ಚೀಲಕ್ಕೇ ಕೊಳವೆ ಚುಚ್ಚಿಸಿ, ನಡುವಿನ ಕಾಳು ತೆಗೆಸಿ. ಮಾಲದಂಡಿ ಎಂಬ ಹಿಂಗಾರಿ ಜೋಳ ದುಂಡಗೆ, ಮುತ್ತಿನ ಬಣ್ಣಕ್ಕೆ ಹೊಳೆಯುತ್ತದೆ. ಮುಂಗಾರಿನ ಹೈಬ್ರಿಡ್ ಜೋಳ ಕಿಲೋಗೆ ಹತ್ತು ಹನ್ನೆರಡು ರೂಪಾಯಿ ಅಗ್ಗಕ್ಕೆ ಸಿಕ್ಕಿತು. ಆದರೆ ಕಾಳಿನ ಮೈ ಮಂಕು, ತುದಿಯಲ್ಲಿ ಕಪ್ಪು ಚುಕ್ಕೆ. ನಾವು ಆ ಚೀಲದ ಮುಂದೆ ಅನುಮಾನಿಸುತ್ತ ನಿಂತಾಗ, ಕನ್ನಡ ಮಾತು ಕೇಳಿಸಿಕೊಂಡ ಹಮಾಲರೊಬ್ಬರು ಹೊರೆ ಇಳಿಸಿ ಬಂದು ಹೇಳಿದರು: "ಅಣ್ಣಾರ, ಇದು ಮಳಿ ನೋಡಿದ ಜ್ವಾಳ ಐತ್ರಿ. ರೊಟ್ಟಿ ಬಡಿಯಾಕ ಜಿಗಿ ಇರಂಗಿಲ್ಲ, ಇಟ್ರ ನುಶಿ ಹತ್ತತೈತಿ." ಅವರ ಮಾತಿನ ಬೆಲೆ ಗೊತ್ತಾದದ್ದು ಜುಲೈಯಲ್ಲಿ, ಅದೇ ಅಗ್ಗದ ಜೋಳ ತಂದ ಪಕ್ಕದ ಬಿಲ್ಡಿಂಗಿನವರು ಅರ್ಧ ಚೀಲ ಎಸೆದಾಗ.

ತೇವ ನೋಡಲು ಹಲ್ಲೇ ಮೀಟರು. ಕಾಳು ಕಡಿದರೆ ಕಟ್ ಎಂದು ಎರಡಾಗಬೇಕು. ಹಲ್ಲಿಗೆ ಮೆತ್ತಗೆ ಒತ್ತಿ ಚಪ್ಪಟೆಯಾದರೆ ಬೇಡ. ಇನ್ನೂ ಖಾತ್ರಿ ಬೇಕಾದರೆ ಒಂದು ಒಣ ಗಾಜಿನ ಬಾಟಲಿಯಲ್ಲಿ ಮುಕ್ಕಾಲು ಭಾಗ ಕಾಳು, ಎರಡು ಚಮಚ ಚೆನ್ನಾಗಿ ಒಣಗಿಸಿದ ಪುಡಿ ಉಪ್ಪು ಹಾಕಿ, ಮುಚ್ಚಿ ಕುಲುಕಿ, ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ಕಾಳಿನಲ್ಲಿ ತೇವ ಶೇ. 15ಕ್ಕಿಂತ ಹೆಚ್ಚಿದೆ ಎಂದರ್ಥ. ಅಂಟದಿದ್ದರೂ ತಿಂಗಳುಗಟ್ಟಲೆ ಇಡಲು ಅಷ್ಟು ಸಾಲದು. ಶೇ. 12ಕ್ಕೆ ಇಳಿಯಬೇಕು, ಅದಕ್ಕೆ ಮನೆಯಲ್ಲಿ ಒಣಗಿಸಲೇಬೇಕು.

ಮಾರ್ಚಿನಲ್ಲಿ ನಮಗೆ ಬಿದ್ದ ದರ ಹೀಗಿತ್ತು. ಜೋಳ ಐದು ಚೀಲ, 250 ಕಿಲೋ, ಕಿಲೋಗೆ 46ರಂತೆ 11,500 ರೂಪಾಯಿ. ತೊಗರಿ ಬೇಳೆ 50 ಕಿಲೋದ ಒಂದು ಚೀಲ, 112ರಂತೆ 5,600. ಹೆಸರುಕಾಳು 30 ಕಿಲೋದ ಒಂದು ಚೀಲ, 92ರಂತೆ 2,760. ಹಮಾಲಿ ಚೀಲಕ್ಕೆ 20ರಂತೆ 140, ಭಾಂಡುಪಿನವರೆಗೆ ಟೆಂಪೋ 1,400. ಚೀಲಗಳನ್ನು ಲೋಕಲ್ಲಿನ ಮಾಲ್‌ಡಬ್ಬಾದಲ್ಲಿ ತರುವ ಆಸೆ ಬಿಟ್ಟುಬಿಡಿ: ಠಾಣೆಯಲ್ಲಿ ಗಾಡಿ ಬದಲಿಸುವಾಗ 50 ಕಿಲೋ ಹೊತ್ತು ಸೇತುವೆ ಹತ್ತಿ ಇಳಿಯಬೇಕು. ಸಾಗಣೆ, ಹಮಾಲಿ ಸೇರಿ ಕಿಲೋಗೆ 4 ರೂಪಾಯಿ 70 ಪೈಸೆ ಬಿತ್ತು. ಹಸನು ಮಾಡಿ ಹೋದದ್ದನ್ನೂ ಹಿಡಿದರೆ ಜೋಳ ಕಿಲೋಗೆ 52 ರೂಪಾಯಿ. ಓಣಿಯ ಅಂಗಡಿಯಲ್ಲಿ ಅದೇ ದರ್ಜೆಯದು ಆಗ 64. ಬೇಳೆ ನಮಗೆ 117ಕ್ಕೆ ಬಂತು, ಅಂಗಡಿಯಲ್ಲಿ 150.

ಬೇಳೆ ಕೊಳ್ಳುವಾಗ ಎಣ್ಣೆ ಹಚ್ಚದ, ಪಾಲಿಶ್ ಮಾಡದ ಬೇಳೆ ಎಂದು ಬಾಯಿಬಿಟ್ಟು ಕೇಳಿ. ಹೊಳಪಿಗೆ ಮರುಳಾಗಬೇಡಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮನ್ನಣೆ ಸಿಕ್ಕ ಮೇಲೆ ಆ ಹೆಸರನ್ನು ಎಲ್ಲ ಚೀಲದವರೂ ಹೇಳುತ್ತಾರೆ. ಹೆಸರು ಏನೇ ಇರಲಿ, ಒಂದು ಹಿಡಿ ತಂದು ಬೇಯಿಸಿ ನೋಡಿದ ಮೇಲೆ ಚೀಲಕ್ಕೆ ದುಡ್ಡು ಕೊಡುವುದು ಒಳ್ಳೆಯದು. ಹೊಸ ಬೇಳೆ ಅರ್ಧ ಗಂಟೆ ನೆನೆದರೆ ಕುಕ್ಕರಿನಲ್ಲಿ ಮೂರು ಸೀಟಿಗೆ ಕರಗುತ್ತದೆ. ಹಳೆಯದು ಆರು ಸೀಟಿ ಹೊಡೆದರೂ ಕಾಳುಕಾಳಾಗಿಯೇ ಇರುತ್ತದೆ, ಗ್ಯಾಸು ತಿನ್ನುತ್ತದೆ.

ಮೊದಲ ಪೆಟ್ಟು ಬಿದ್ದದ್ದು ಡ್ರಮ್ಮಿನಲ್ಲಿ. 50 ಕಿಲೋ ಚೀಲಕ್ಕೆ 50 ಲೀಟರಿನ ಡ್ರಮ್ ಸಾಕೆಂದು ಐದೂ ಮನೆಯವರು 800 ರೂಪಾಯಿಗೆ ಒಂದೊಂದು ಕೊಂಡೆವು. ಒಂದು ಲೀಟರಿನ ಜಾಗದಲ್ಲಿ ಜೋಳ ಹಿಡಿಯುವುದು ಮುಕ್ಕಾಲು ಕಿಲೋ ಮಾತ್ರ. 37 ಕಿಲೋಗೆ ಡ್ರಮ್ ತುಂಬಿತು, ಉಳಿದ ಹನ್ನೊಂದು ಹನ್ನೆರಡು ಕಿಲೋ ಗೋಣಿಚೀಲದಲ್ಲೇ ಗೋಡೆಗೆ ಒರಗಿ ಕುಳಿತಿತು. ಮೇ ಮೊದಲ ವಾರ ಅದೇ ಗೋಣಿಯಲ್ಲಿ ನುಸಿ ಕಂಡಿತು. ಪೂರ್ತಿ ಚೀಲ ಒಂದೇ ಡ್ರಮ್ಮಿನಲ್ಲಿ ಹಿಡಿಯಬೇಕಾದರೆ 70 ಲೀಟರಿನದು ಬೇಕು, ಅದು ಮಂಚದ ಕೆಳಗೆ ಹೋಗುವುದಿಲ್ಲ. ಅಂಗಡಿ ದರಕ್ಕೆ ಹೋಲಿಸಿದರೆ ಮೊದಲ ಚೀಲದಲ್ಲಿ ಉಳಿದದ್ದು 570 ರೂಪಾಯಿ ಚಿಲ್ಲರೆ. ಡ್ರಮ್ಮಿನ ದುಡ್ಡೂ ಹುಟ್ಟಲಿಲ್ಲ. ಇದನ್ನು ಮುಚ್ಚಿಟ್ಟು ಬರೀ ಲಾಭದ ಕಥೆ ಹೇಳಿದರೆ ಮುಂದೆ ಬರುವವರಿಗೆ ಮೋಸ ಮಾಡಿದಂತೆ.

ಎರಡನೇ ಪೆಟ್ಟು ಹೆಸರುಕಾಳಿನದು. ಕೊಂಡಾಗ ಕಾಳಿನ ಮೇಲೆ ಸುಣ್ಣದ ಚುಕ್ಕೆಯಂಥ ಸಣ್ಣ ಬಿಳಿ ಗುರುತುಗಳಿದ್ದವು. ಧೂಳೆಂದುಕೊಂಡೆವು, ಅವು ದುಂಬಿಯ ಮೊಟ್ಟೆ. ಬಿಸಿಲುಗಾಲದ ಸೆಕೆಯಲ್ಲಿ ಮೊಟ್ಟೆಯಿಂದ ದುಂಬಿಯಾಗಲು ಮೂರು ನಾಲ್ಕು ವಾರ ಸಾಕು. ಏಪ್ರಿಲ್ ನಡುವೆ ಡಬ್ಬಿ ತೆರೆದರೆ ಕಾಳಿಗೊಂದು ದುಂಡು ತೂತು, ತಳದಲ್ಲಿ ಬಿಳಿ ಪುಡಿ. ಮನಸ್ಸಿಗೆ ನಿಜಕ್ಕೂ ಸಂಕಟವಾಯಿತು. ನೀರಿಗೆ ಸುರಿದಾಗ ಪೊಳ್ಳಾದ ಕಾಳು ತೇಲಿತು. ಐದು ಮನೆಯದೂ ಸೇರಿ ನಾಲ್ಕು ಕಿಲೋ ಹೋಯಿತು. ಈಗ ಮಾಡುವುದು ಇಷ್ಟು: ಹೆಸರು, ಮಡಕಿ, ಅಲಸಂದೆ ತಂದ ದಿನವೇ ಕಾಳನ್ನು ಬಿಳಿ ತಟ್ಟೆಯ ಮೇಲಲ್ಲ, ಕಪ್ಪು ಬಟ್ಟೆಯ ಮೇಲೆ ಹರಡಿ ಬೆಳಕಿನಲ್ಲಿ ನೋಡುವುದು. ಫ್ರಿಜ್ ಇದ್ದ ಮನೆಯಲ್ಲಿ ಎರಡೆರಡು ಕಿಲೋ ಕಟ್ಟಿ ನಾಲ್ಕು ದಿನ ಫ್ರೀಜರಿನಲ್ಲಿಟ್ಟು, ಹೊರತೆಗೆದ ಮೇಲೆ ಪೊಟ್ಟಣ ಬಿಚ್ಚದೆ ಹಾಗೇ ಆರಲು ಬಿಟ್ಟು, ಆಮೇಲೆ ಡಬ್ಬಿಗೆ ಹಾಕುವುದು. ತಣ್ಣಗಿರುವಾಗಲೇ ಬಿಚ್ಚಿದರೆ ಕಾಳಿನ ಮೈಮೇಲೆ ನೀರು ಕೂರುತ್ತದೆ. ಫ್ರಿಜ್ ಇಲ್ಲದವರು ಕಿಲೋಗೆ ಒಂದು ಚಹಾ ಚಮಚ, ಅಂದರೆ 5 ಮಿಲಿಯಷ್ಟು ಶೇಂಗಾ ಎಣ್ಣೆಯನ್ನೋ ಹರಳೆಣ್ಣೆಯನ್ನೋ ಕೈಯಿಂದ ಉಜ್ಜಿ ಎಲ್ಲ ಕಾಳಿಗೂ ತಾಗಿಸಬೇಕು. ಎಣ್ಣೆಯ ಪದರು ಮೊಟ್ಟೆಗೆ ಗಾಳಿ ಸಿಗದಂತೆ ಮಾಡುತ್ತದೆ. ಹರಳೆಣ್ಣೆ ಹಚ್ಚಿದ ಕಾಳನ್ನು ಬೇಯಿಸುವ ಮೊದಲು ಎರಡು ಮೂರು ಸಲ ತೊಳೆಯಬೇಕು. ಒಡೆದ ಬೇಳೆಗೆ ಈ ದುಂಬಿಯ ಕಾಟ ತೀರ ಕಡಿಮೆ. ನಮ್ಮ ತೊಗರಿ ಬೇಳೆ ಅಕ್ಟೋಬರಿನವರೆಗೆ ಒಂದು ಕಾಳೂ ಕೆಡಲಿಲ್ಲ.

ಮೇ ಮೂರನೇ ವಾರ ಎರಡನೇ ಸುತ್ತು. ಮಳೆಗಾಲ ದಾಟಿಸಲು ಮನೆಗೆ ಎರಡು ಚೀಲದಂತೆ ಹತ್ತು ಚೀಲ ಜೋಳ. ದರ 48ಕ್ಕೆ ಏರಿತ್ತು. ಟೆಂಪೋ 1,600, ಹಮಾಲಿ 200. ಮೇ 20 ದಾಟಿದರೆ ಬಿಸಿಲು ನಂಬುವಂತಿಲ್ಲ, ಸಂಜೆ ಮೋಡ ಕಟ್ಟುತ್ತದೆ. ತಡವಾದೀತು ಎನ್ನುವವರು ಏಪ್ರಿಲ್ ಕೊನೆಗೇ ತಂದುಬಿಡಲಿ.

ಒಣಗಿಸಿದ್ದು ಗಚ್ಚಿಯ ಮೇಲೆ, ಅಂದರೆ ಬಿಲ್ಡಿಂಗಿನ ತಾರಸಿಯಲ್ಲಿ. ಸೊಸೈಟಿಯವರ ಒಪ್ಪಿಗೆ ಬಾಯಿಮಾತಿನಲ್ಲಿ ಸಿಕ್ಕರೆ ಸಾಲದು, ದಿನಾಂಕ ಬರೆದು ಸೆಕ್ರೆಟರಿಯ ಸಹಿ ತೆಗೆದುಕೊಳ್ಳಿ. ಎರಡು ದಿನಕ್ಕೆ ಸಹಿ ಸಿಗಲು ನಾವು ಒಂಬತ್ತು ದಿನ ಕಾದೆವು. ಗಚ್ಚಿಯ ದೊಡ್ಡ ಶತ್ರು ಪಾರಿವಾಳ. ತಿಂದು ಹೋಗುವುದು ಹಿಡಿಯಷ್ಟು, ಹಿಕ್ಕೆ ಹಾಕಿದರೆ ಪೂರ್ತಿ ಹಾಸು ಹಾಳು. ಹಳೆಯ ಸೊಳ್ಳೆ ಪರದೆಯನ್ನು ನಾಲ್ಕು ಇಟ್ಟಿಗೆಯ ಮೇಲೆ ಎತ್ತಿ ಕಟ್ಟಿದರೆ ಸಾಕು. ಮೊದಲ ದಿನ ಕಾಳನ್ನು ಎರಡು ಬೆರಳು ದಪ್ಪಕ್ಕಿಂತ ಹೆಚ್ಚಾಗದಂತೆ ಹರಡಿ, ಗಂಟೆಗೊಮ್ಮೆ ಕಾಲಿನಿಂದ ಸಾಲು ಹೊಡೆದು ಮಗುಚಿ ಒಣಗಿಸಿದೆವು. ಅದು ತೇವ ತೆಗೆಯಲು. ಎರಡನೇ ದಿನದ ಬಿಸಿಲು ಹುಳಕ್ಕೆ: ಕೆಳಗೆ ಕಪ್ಪು ಪ್ಲಾಸ್ಟಿಕ್, ಮೇಲೆ ಪಾರದರ್ಶಕ ಹಾಳೆ, ಅಂಚಿಗೆ ಕಲ್ಲು, ಹನ್ನೊಂದರಿಂದ ಮೂರರವರೆಗೆ. ಒಳಗೆ ಕೈಯಿಟ್ಟರೆ ಸುಡುವಷ್ಟು ಕಾವು ಏರುತ್ತದೆ. ಕಾಳಿನೊಳಗೆ ಕಣ್ಣಿಗೆ ಕಾಣದಂತಿರುವ ಮೊಟ್ಟೆ, ಮರಿ ಸಾಯಲು ಅಷ್ಟು ಕಾವು ಬೇಕು. ಸೊಂಡಿಲು ಹುಳ ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆಯಿಟ್ಟು ಬಾಯಿ ಮುಚ್ಚಿಬಿಡುತ್ತದೆ. ತಿಂಗಳೊಪ್ಪತ್ತಿಗೆ ಹುಳವಾಗಿ ಹೊರಬರುತ್ತದೆ. ಕೊಂಡಾಗ ಹಸನಾಗಿ ಕಂಡ ಜೋಳದಲ್ಲಿ ಮುಂದೆ ಹುಳ ಎಲ್ಲಿಂದ ಬಂತೆಂದು ಅಂಗಡಿಯವರನ್ನು ಬೈಯುವ ಮೊದಲು ಇದು ಗೊತ್ತಿರಲಿ. ಕೊನೆಯ ಒಂದು ಗಂಟೆ ಮೇಲಿನ ಹಾಳೆ ತೆಗೆದು, ಅದರ ಒಳಮೈಗೆ ಕಟ್ಟಿದ ಹನಿ ಆರಿಹೋಗಲು ಬಿಡಬೇಕು. ನಾಲ್ಕರ ಹೊತ್ತಿಗೆ ಕೆಳಗಿಳಿಸಿ, ನೆರಳಲ್ಲಿ ರಾತ್ರಿಯಿಡೀ ಆರಲು ಬಿಟ್ಟು, ಮರುದಿನ ಬೆಳಗ್ಗೆ ತುಂಬಿಸಬೇಕು. ಬಿಸಿ ಕಾಳು ಮುಚ್ಚಿದರೆ ಒಳಗೇ ಬೆವರಿ ಮುಗ್ಗಲು ಹಿಡಿಯುತ್ತದೆ. ನಮ್ಮಲ್ಲಿ ಒಂದು ಮನೆಯವರು ಅವಸರದಲ್ಲಿ ಅದೇ ಸಂಜೆ ತುಂಬಿಸಿದ್ದರು. ಮೂರನೇ ವಾರಕ್ಕೆ ಆ ಡಬ್ಬದ ಮೇಲ್ಪದರು ಗಂಟುಗಂಟಾಗಿ ಹಸಿರು ಬೂಜು ಬಂದಿತ್ತು. ಬೂಜು ಬಂದ ಕಾಳನ್ನು ತೊಳೆದು ಒಣಗಿಸಿ ಉಳಿಸುವ ಗೋಜಿಗೆ ಹೋಗಬೇಡಿ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ, ದನಕ್ಕೂ ಹಾಕಬಾರದು.

ಈ ಸಲ ಡ್ರಮ್ ನೆಚ್ಚಲಿಲ್ಲ. ಫರಸಾಣ (ಕುರುಕಲು ತಿಂಡಿ) ಅಂಗಡಿಗಳು 15 ಕಿಲೋ ಎಣ್ಣೆಯ ಖಾಲಿ ತಗಡಿನ ಡಬ್ಬಗಳನ್ನು ಮಾರುತ್ತವೆ, ನಮಗೆ ಒಂದಕ್ಕೆ 70 ರೂಪಾಯಿ. ಒಂದು ಡಬ್ಬಕ್ಕೆ 12 ಕಿಲೋ ಜೋಳ, ನಾಲ್ಕು ಡಬ್ಬಕ್ಕೆ ಒಂದು ಚೀಲ, ನಾಲ್ಕೂ ಮಂಚದ ಕೆಳಗೆ. ಬಾಯಿ ಪೂರ್ತಿ ಕತ್ತರಿಸಿ ಮುಚ್ಚಳ ಕೂರಿಸಿದ್ದನ್ನೇ ಕೇಳಿ ತನ್ನಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಎರಡು ಸಲ ಉಜ್ಜಿ, ಬಿಸಿಲಿಗೆ ಬೋರಲು ಹಾಕಿ ಒಣಗಿಸಿ. ಮೂಲೆಯಲ್ಲಿ ಜಿಡ್ಡು ಉಳಿದರೆ ಆ ಕಮಟು ವಾಸನೆ ಕಾಳಿಗೆ ಹತ್ತುತ್ತದೆ. ತಗಡಿನ ಮುಚ್ಚಳ ಗಾಳಿ ತಡೆಯುವುದಿಲ್ಲ, ಆದ್ದರಿಂದ ಒಳಗೆ 12 ರೂಪಾಯಿಯ ದಪ್ಪ ಪ್ಲಾಸ್ಟಿಕ್ ಚೀಲ. ಕಾಳು ಕಂಠಮಟ್ಟ ತುಂಬಿ, ಒಳಗಿನ ಗಾಳಿ ಒತ್ತಿ ಹೊರಹಾಕಿ, ಬಾಯಿ ತಿರುಚಿ ಮಡಚಿ ರಬ್ಬರಿನಿಂದ ಬಿಗಿದು, ಮೇಲೆ ಮುಚ್ಚಳ. ಆ ಚೀಲ ಹರಿಯುವವರೆಗೆ ವರ್ಷವರ್ಷವೂ ಬಳಸಬಹುದು.

ಊರಿನ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ನೆನಪಿದ್ದವರಿಗೆ ಇದರ ಗುಟ್ಟು ಹೇಳಬೇಕಿಲ್ಲ. ಹಗೇವಿನ ಬಾಯಿ ತೆರೆದಾಗ ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯರು ಇಳಿಯುತ್ತಿದ್ದರು. ಒಳಗಿನ ಕಾಳು, ಹುಳ ಎಲ್ಲ ಉಸಿರಾಡಿ ಪ್ರಾಣವಾಯು ತೀರಿರುತ್ತಿತ್ತು, ಹುಳ ಸತ್ತಿರುತ್ತಿತ್ತು. ಬಾಯಿ ಬಿಗಿದ ಡಬ್ಬದಲ್ಲೂ ನಡೆಯುವುದು ಅದೇ. ದೊಡ್ಡ ಡ್ರಮ್ಮನ್ನು ವಾರಕ್ಕೊಮ್ಮೆ ತೆರೆದರೆ ಪ್ರತಿ ಸಲವೂ ಹುಳಕ್ಕೆ ಹೊಸ ಉಸಿರು, ಕಾಳಿಗೆ ಮಳೆಗಾಲದ ಹಸಿ ಗಾಳಿ. ಚಿಕ್ಕ ಡಬ್ಬವಾದರೆ ಒಂದು ತೆರೆದು ಮೂರು ವಾರದಲ್ಲಿ ಮುಗಿಸುತ್ತೀರಿ, ಉಳಿದವು ಮುಚ್ಚಿದಂತೆಯೇ ಇರುತ್ತವೆ. ಎಂಟು ತಿಂಗಳಲ್ಲಿ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ತಿಳಿವಳಿಕೆ ಇದೊಂದೇ.

ಡಬ್ಬಗಳನ್ನು ನೆಲಕ್ಕೆ ತಾಗಿಸಬೇಡಿ. ಕೆಳಗೆ ಎರಡು ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ದೂರವಿಡಿ, ಬಚ್ಚಲ ಗೋಡೆಯ ಕಡೆಯಂತೂ ಬೇಡವೇ ಬೇಡ. ಬೇವಿನ ಎಲೆ ಹಾಕುವವರು ಗರಿಗರಿಯಾಗಿ ಒಣಗಿಸಿ ಹಾಕಿ, ಹಸಿ ಎಲೆ ತಾನೇ ತೇವ ತರುತ್ತದೆ. ಬೋರಿಕ್ ಪುಡಿ, ಪಾದರಸದ ಗುಳಿಗೆ ಎಂದು ಅಂಗಡಿಯಲ್ಲಿ ಕೊಡುವುದನ್ನು ತಿನ್ನುವ ಕಾಳಿಗೆ ಸೇರಿಸಬೇಡಿ. ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಯಾರಾದರೂ ಒಂದೆರಡು ತಂದುಕೊಟ್ಟರೆ ಮನೆಯೊಳಗೆ ತರಲೇಬೇಡಿ. ಅದು ಬಿಡುವ ಅನಿಲ ಮಲಗಿದ ಮನೆಮಂದಿಯನ್ನು ಕೊಲ್ಲುತ್ತದೆ. ಹತ್ತು ಅಡಿಯ ಖೋಲಿಯಲ್ಲಿ ಮಕ್ಕಳನ್ನು ಮಲಗಿಸಿಕೊಳ್ಳುವ ಎಲ್ಲರಿಗೂ ಕೈಮುಗಿದು ಹೇಳುವ ಮಾತು ಇದು.

ಜೂನ್ ಬಂದ ಮೇಲೆ ತೊಡಕು ಗಿರಣಿಯದು. ಜೋಳದ ಹಿಟ್ಟಿನಲ್ಲಿ ಕಾಳಿನ ಮೊಳಕೆ ಭಾಗದ ಜಿಡ್ಡು ಸೇರಿರುತ್ತದೆ. ಮಳೆಗಾಲದಲ್ಲಿ ಎರಡು ವಾರ ದಾಟಿದರೆ ಕಹಿ ಹತ್ತುತ್ತದೆ, ಜಿಗಿ ಹೋಗಿ ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಒಂದು ಸಲಕ್ಕೆ ಐದು ಕಿಲೋ ಬೀಸಿಸಿದರೆ ಒಂಬತ್ತು ದಿನಕ್ಕೆ ಸರಿಹೋಗುತ್ತದೆ, ಅದಕ್ಕಿಂತ ಹೆಚ್ಚು ಬೇಡ. ಗಿರಣಿಯವರಿಗೆ "ಭಾವು, ಜ್ವಾರಿಚ್ಯಾ ಮಾಗೂನ್ ಟಾಕಾ" ಎಂದು ಹೇಳಿ, ಬೇರೆ ಯಾರದಾದರೂ ಜೋಳದ ಹಿಂದೆಯೇ ನಮ್ಮದು ಬೀಳಬೇಕು. ಗೋಧಿಯ ಹಿಂದೆ ಬಿದ್ದರೆ ಮೊದಲ ಅರ್ಧ ಕಿಲೋದಲ್ಲಿ ಗೋಧಿ ಬೆರೆತು ರೊಟ್ಟಿ ಚರ್ಮದಂತಾಗುತ್ತದೆ. ಬೇಳೆ ಬೀಸಿದ ಹಿಂದೆ ಬಿದ್ದರೆ ವಾಸನೆಯೇ ಬೇರೆ. ನಮ್ಮ ಓಣಿಯಲ್ಲಿ ಭಾಕರಿ (ಜೋಳದ ರೊಟ್ಟಿ) ತಿನ್ನುವವರು ಹೆಚ್ಚು ಬರುವುದು ಬುಧವಾರ, ಶನಿವಾರ ಸಂಜೆ; ಅದನ್ನು ಗುರುತಿಸಲು ಮೂರು ವಾರ ಹಿಡಿಯಿತು. ಬೀಸಿದ ಬಿಸಿ ಹಿಟ್ಟನ್ನು ಮನೆಗೆ ತಂದ ಕೂಡಲೇ ಕಾಗದದ ಮೇಲೆ ಹರಡಿ ಆರಿಸಿ, ಆಮೇಲೆ ಡಬ್ಬಿಗೆ. ಹಸನು ಮಾಡುವಾಗ ಸಾಣಿಗೆಯಲ್ಲಿ ಉಳಿಯುವ ಒಡಕು ಕಾಳನ್ನು ಎಸೆಯಬೇಡಿ. ಅದನ್ನೇ ತರಿಯಾಗಿ ಒಡೆಸಿದರೆ ನುಚ್ಚಾಗುತ್ತದೆ, ಮಜ್ಜಿಗೆ ಜೊತೆ ಒಂದು ಹೊತ್ತಿನ ಊಟ.

ಉಡುಪಿ ಕಡೆಯ ಮನೆಯವರಿಗೆ ರೊಟ್ಟಿ ವಾರಕ್ಕೆ ಎರಡು ಸಲ ಸಾಕು. ಅವರು ತಮ್ಮ ಪಾಲಿನ ಅರ್ಧ ಜೋಳ ಬೇರೆ ಮನೆಗಳಿಗೆ ಹಂಚಿ ಕುಚ್ಚಲಕ್ಕಿ ತಂದರು. ಕುಚ್ಚಲಕ್ಕಿಗೆ ಗ್ಯಾಸು ಹೆಚ್ಚು ಬೇಕು ಎನ್ನುವ ದೂರಿಗೆ ಅವರ ಉಪಾಯ: ರಾತ್ರಿ ನೆನೆಸಿ, ಬೆಳಗ್ಗೆ ಒಂದಕ್ಕೆ ನಾಲ್ಕು ಪಾಲು ನೀರಿನಲ್ಲಿ ಹದಿನೈದು ನಿಮಿಷ ಕುದಿಸಿ, ಪಾತ್ರೆಯನ್ನು ಹಾಗೇ ಹಳೆಯ ರಗ್ಗಿನಲ್ಲಿ ಸುತ್ತಿ ಒಂದೂವರೆ ಗಂಟೆ ಬಿಡುವುದು. ಕಾವಿನಲ್ಲೇ ಅರಳುತ್ತದೆ. ಪಾತ್ರೆ ಮುಕ್ಕಾಲು ತುಂಬಿರಬೇಕು, ಅರ್ಧ ಖಾಲಿ ಪಾತ್ರೆ ಬೇಗ ಆರಿ ಅಕ್ಕಿ ನಡುವಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ.

ಕಲಬುರಗಿಯ ಒಂದು ಮನೆಯವರ ಹತ್ತಿರ ಊರಿನ ಆದ್ಯತಾ ಕಾರ್ಡಿತ್ತು. ಒಂದು ರಾಷ್ಟ್ರ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಆ ಕಾರ್ಡಿಗೆ ಮುಂಬಯಿಯಲ್ಲೂ ಧಾನ್ಯ ಸಿಗುತ್ತದೆ, ಕಾರ್ಡು ವರ್ಗಾವಣೆ ಬೇಕಿಲ್ಲ, ಅರ್ಜಿಯೂ ಬೇಕಿಲ್ಲ. ಹೀಗಿದ್ದರೂ ಕೈಗೆ ಅಕ್ಕಿ ಬರಲು ನಾಲ್ಕು ಓಡಾಟ ಬೇಕಾಯಿತು. ಮೊದಲ ಅಂಗಡಿಯಲ್ಲಿ "ಬಾಹೇರ್‌ಚಂ ಕಾರ್ಡ್ ಚಾಲತ್ ನಾಹೀ" (ಹೊರಗಿನ ಕಾರ್ಡು ನಡೆಯುವುದಿಲ್ಲ) ಎಂದು ವಾಪಸು ಕಳಿಸಿದರು. 14445ಕ್ಕೆ ಫೋನ್ ಮಾಡಿ ವಿವರ ಕೇಳಿಕೊಂಡು, ಕಾರ್ಡಿನ 12 ಅಂಕಿಯ ನಂಬರ್ ಮತ್ತು ಆಧಾರ್ ಹಿಡಿದು ಎರಡನೇ ಅಂಗಡಿಗೆ ಹೋದಾಗ ಮಷಿನ್ ಕಾರ್ಡನ್ನು ತೋರಿಸಿತು, ಬೆರಳು ಒಪ್ಪಲಿಲ್ಲ. ಸಿಮೆಂಟು, ಸೋಡಾದಲ್ಲಿ ಕೆಲಸ ಮಾಡುವವರ ಬೆರಳಿಗೆ ಇದು ದಿನದ ಗೋಳು. ಕಾರ್ಡಿನಲ್ಲಿರುವ ಯಾವ ಸದಸ್ಯರಾದರೂ ಹೆಬ್ಬೆಟ್ಟು ಕೊಡಬಹುದು. ಮೂರನೇ ಸಲ ಬೇರೆಯವರನ್ನು ಕರೆದೊಯ್ದಾಗ ಬೆರಳು ಒಪ್ಪಿತು, ಆ ದಿನ ಅಂಗಡಿಯಲ್ಲಿ ದಾಸ್ತಾನು ಇರಲಿಲ್ಲ. ನಾಲ್ಕನೇ ಸಲ ಸಿಕ್ಕಿತು.

ತಿಳಿದುಕೊಂಡು ಹೋಗಬೇಕಾದ ಸಂಗತಿಗಳಿವೆ. ಇದು ಆಹಾರ ಭದ್ರತಾ ಕಾಯ್ದೆಯ ಅಂತ್ಯೋದಯ ಮತ್ತು ಆದ್ಯತಾ ಕಾರ್ಡಿಗೆ ಮಾತ್ರ, ಎಪಿಎಲ್ ಕಾರ್ಡಿಗೆ ಇಲ್ಲ. ಆದ್ಯತಾ ಕಾರ್ಡಿಗೆ ತಿಂಗಳಿಗೆ ತಲೆಗೆ 5 ಕಿಲೋ, ಅಂತ್ಯೋದಯಕ್ಕೆ ಕುಟುಂಬಕ್ಕೆ 35 ಕಿಲೋ. 2023ರ ಜನವರಿಯಿಂದ ಈ ಕೇಂದ್ರದ ಪಾಲು ಪೂರ್ತಿ ಉಚಿತ, ಚೀಟಿ ಕೇಳಿ ಪಡೆಯಿರಿ. ಕರ್ನಾಟಕ ಸರ್ಕಾರ ಅನ್ನಭಾಗ್ಯದಲ್ಲಿ ಮೇಲಿಂದ ಕೊಡುವುದು ಇಲ್ಲಿ ಸಿಗುವುದಿಲ್ಲ. ಊರಿನಲ್ಲಿ ಉಳಿದವರು ಆ ತಿಂಗಳ ಅರ್ಧ ಪಾಲು ಎತ್ತಿದ್ದರೆ ಉಳಿದರ್ಧ ಇಲ್ಲಿ ಎತ್ತಬಹುದು. ಅವರು ಪೂರ್ತಿ ಎತ್ತಿದ್ದರೆ ಇಲ್ಲಿ ಸೊನ್ನೆ. ಹಾಗಾಗಿ ತಿಂಗಳ ಮೊದಲೇ ಊರಿಗೆ ಫೋನ್ ಮಾಡಿ ಯಾರು ಎಷ್ಟು ಎತ್ತುವುದೆಂದು ಮಾತಾಡಿಕೊಳ್ಳಿ. ಎಲ್ಲ ಸದಸ್ಯರ ಇ-ಕೆವೈಸಿ ಮುಗಿದಿರಬೇಕು, ಊರಿಗೆ ಹೋದಾಗಲೇ ಮುಗಿಸಿಕೊಂಡು ಬಂದರೆ ಸುಲಭ. ಹಕ್ಕಿನ ಧಾನ್ಯ ಕೇಳಲು ಯಾರೂ ನಾಚಬೇಕಿಲ್ಲ, ಮೊದಲ ಅಂಗಡಿಯ ಮಾತಿಗೆ ಸೋತು ಬರಲೂಬಾರದು.

ತರಕಾರಿಗೆ ಮಳೆಗಾಲ ದುಬಾರಿ, ಆದರೆ ಸೊಪ್ಪಿಗೆ ಇದೇ ಸುಗ್ಗಿ. ಕರ್ಜತ್, ಮುರ್ಬಾಡ್, ಪಾಲ್ಘರ್ ಕಡೆಯ ಆದಿವಾಸಿ ಹೆಂಗಸರು ಠಾಣೆ, ಕಲ್ಯಾಣ್, ದಾದರ್ ಸ್ಟೇಶನ್ನಿನ ಹೊರಗೆ ರಾನ್‌ಭಾಜಿ, ಅಂದರೆ ಕಾಡಿನ ಸೊಪ್ಪು ತರಕಾರಿ ಮಾರುತ್ತಾರೆ. ಅವರು ಟಾಕಳಾ ಎನ್ನುವುದು ನಮ್ಮ ಚಗಚೆ, ತುಳುವರ ತಜಂಕ್. ಎಳೆ ಕುಡಿ ಮಾತ್ರ ಕೊಳ್ಳಿ, ಹೂ ಬಿಟ್ಟ ಮೇಲೆ ಕಹಿ. ಅಳೂ ಎನ್ನುವುದು ಕೆಸುವಿನ ಎಲೆ, ಹುಣಸೆಹುಳಿ ಧಾರಾಳವಾಗಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ಕೆರೆಯುತ್ತದೆ. ಶೇವಳಾ ಎನ್ನುವ ಕಾಡುಗೆಡ್ಡೆಯ ಮೊಗ್ಗನ್ನು ಅಡುಗೆ ಬಲ್ಲವರು ಕಲಿಸದ ಹೊರತು ಮುಟ್ಟಬೇಡಿ, ಅದರ ತುರಿಕೆ ಕೆಸುವಿಗಿಂತ ಜೋರು. ರೈಲು ಹಳಿಯ ಬದಿಯಲ್ಲಿ, ನಾಲೆಯ ಅಂಚಿನಲ್ಲಿ ಹಸಿರಾಗಿ ಕಾಣುವುದನ್ನು ತಾವೇ ಕಿತ್ತು ತರುವುದು ಬೇಡ, ಆ ನೀರಿನಲ್ಲಿ ಏನೇನಿದೆಯೋ ಸೊಪ್ಪಿನಲ್ಲೂ ಅದೇ ಇರುತ್ತದೆ. ಉಳಿದ ತರಕಾರಿಗೆ ರಾತ್ರಿ ಒಂಬತ್ತರ ಹೊತ್ತಿಗೆ, ಗಾಡಿಯವರು ಉಳಿದದ್ದನ್ನು ವಾಟಾ ಮಾಡಿ ಗುಂಪುಗುಂಪಾಗಿ ಮಾರುವಾಗ ಹೋಗಿ. ಮೂಲಂಗಿ ಸೊಪ್ಪು, ಹೂಕೋಸಿನ ಎಳೆ ಎಲೆ ಕೇಳಿದರೆ ಹಾಗೇ ಕೊಡುತ್ತಾರೆ, ಹೆಸರುಬೇಳೆ ಹಾಕಿದರೆ ಒಳ್ಳೆಯ ಪಲ್ಯ.

ಮೀನು ತಿನ್ನುವ ಮನೆಗೆ ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಂತಿರುತ್ತದೆ. ಮೀನು ಮರಿ ಮಾಡುವ ಕಾಲ, ಆಗ ಐಸಿನ ಮೀನಿಗೆ ಹೆಚ್ಚು ದುಡ್ಡು ಕೊಡುವುದಕ್ಕಿಂತ ಮೇ ತಿಂಗಳಲ್ಲೇ ಒಣ ಬೊಂಬಿಲ್ ಮೀನು, ಜವಳಾ (ಸಣ್ಣ ಒಣ ಸಿಗಡಿ) ತಂದಿಡುವುದು ಲೇಸು. ಜೋಳದಂತೆಯೇ ಬಿಸಿಲಿಗೆ ಹಾಕಿ, ಆರಿಸಿ, ಬಿಗಿದು ಇಡಬೇಕು. ಆಗಸ್ಟಿನ ಮೇಲೆ ಬಂಗುಡೆ, ಬೂತಾಯಿ ಸಾಕು. ಅಗ್ಗ, ಬೇಗ ಬೆಳೆದು ಬೇಗ ಸಂತಾನ ಬೆಳೆಸುವ ಮೀನು.

ಜುಲೈ 26ಕ್ಕೆ, ಮೂರು ದಿನ ಬಿಡದೆ ಸುರಿದ ಮಳೆಯ ನಡುವೆ, ಮೂರನೇ ಡಬ್ಬ ತೆರೆಯಬೇಕಾಗಿ ಬಂತು. ಹೊರಗೆ ಬಟ್ಟೆ ಒಣಗುತ್ತಿರಲಿಲ್ಲ, ಗೋಡೆಯಲ್ಲಿ ನೀರು ಜಿನುಗುತ್ತಿತ್ತು. ಎಲ್ಲ ಮನೆಯವರೂ ಬಂದು ನಿಂತಿದ್ದರು. ರಬ್ಬರ್ ಬಿಚ್ಚಿ ಮೊಣಕೈವರೆಗೆ ಕೈಯಿಳಿಸಿದರೆ ಕಾಳು ಒಣಗಿ ತಣ್ಣಗಿತ್ತು, ಬೆರಳ ಸಂದಿಯಿಂದ ಸರಸರ ಜಾರಿತು. ಹಲ್ಲಿಗೆ ಹಾಕಿದರೆ ಕಟ್ ಎಂದಿತು. ತಳದ ಒಂದು ಹಿಡಿಯಲ್ಲಿ ಐದಾರು ಹುಳ ಸಿಕ್ಕವು, ಎಲ್ಲವೂ ಸತ್ತು ಒಣಗಿದ್ದವು.

ಅಕ್ಟೋಬರ್ ಕೊನೆಯ ಲೆಕ್ಕ: ಎರಡನೇ ಸುತ್ತಿನ ಜೋಳ ನಮಗೆ ಬಿದ್ದದ್ದು ಕಿಲೋಗೆ 53 ರೂಪಾಯಿ ಚಿಲ್ಲರೆ, ಓಣಿಯ ಅಂಗಡಿಯಲ್ಲಿ ಆಗಸ್ಟಿನಿಂದ 70. ಮನೆಗೆ ಎರಡು ಚೀಲದ ಮೇಲೆ 1,600 ರೂಪಾಯಿ ಚಿಲ್ಲರೆ ಉಳಿತಾಯ. ಎಂಟು ಡಬ್ಬ, ಎಂಟು ಪ್ಲಾಸ್ಟಿಕ್ ಚೀಲದ 656 ಕಳೆದರೆ ಸಾವಿರದ ಹತ್ತಿರ. ಬೇಳೆಯಲ್ಲಿ ಮನೆಗೆ 10 ಕಿಲೋದ ಮೇಲೆ 330. ಬೂಜು ಬಂದ ಮನೆಯವರಿಗೆ ಇದರಲ್ಲಿ ಅರ್ಧವೂ ಉಳಿಯಲಿಲ್ಲ, ಅವರ ಒಂದು ಡಬ್ಬದ ನಷ್ಟವನ್ನು ಐದೂ ಮನೆ ಹಂಚಿಕೊಂಡೆವು. ಕೂಡಿ ತರುವವರು ಇಂಥ ನಷ್ಟಕ್ಕೆ ಏನು ಮಾಡುವುದೆಂದು ದುಡ್ಡು ಕೂಡಿಸುವ ದಿನವೇ ಬರೆದಿಟ್ಟುಕೊಳ್ಳಲಿ. ನಾವು ಬರೆದಿಟ್ಟಿರಲಿಲ್ಲ, ಎರಡು ವಾರ ಮಾತು ಮುರಿದುಕೊಂಡಿದ್ದೆವು.

ಇನ್ನು ಮನೆಗೆ ಎರಡೆರಡು ಡಬ್ಬ ಉಳಿದಿವೆ, ಡಿಸೆಂಬರ್ ಮೊದಲ ವಾರದವರೆಗೆ ಬರುತ್ತವೆ. ಖಾಲಿಯಾದ ಆರನ್ನು ದೀಪಾವಳಿಯ ಬಿಸಿಲಿಗೆ ತೊಳೆದು ಬೋರಲು ಹಾಕಿದ್ದೇವೆ. ಹೊಸ ಜೋಳ ಪೇಟೆಗೆ ಬರುವುದು ಫೆಬ್ರವರಿ ಕೊನೆಗೆ. ಗಚ್ಚಿಯ ಅರ್ಜಿಯನ್ನು ಈ ಸಲ ಜನವರಿಯಲ್ಲೇ ಕೊಡಬೇಕು.